ಗುರುತು ಹೇಳಿ ಒಯ್ಯಿರಿ

ಮಾತ್ರೆಯನ್ನು ನಾಲಿಗೆಯಡಿಗೆ ಸರಿಸಿಕೊಂಡು ಅವಳು ಲೋಟದ ನೀರನ್ನೆಲ್ಲ ಕುಡಿದು ಮುಗಿಸಿದಳು. ಗಂಡ ಅಡುಗೆಮನೆಯ ಬಾಗಿಲಲ್ಲಿ ಬಗ್ಗಿ, ಷೂ ಲೇಸು ಕಟ್ಟಿಕೊಳ್ಳುವ ನೆಪದಲ್ಲಿ ಅವಳ ಗಂಟಲನ್ನೇ ನೋಡುತ್ತಿದ್ದ. ಗಂಟಲು ಏರಿ ಇಳಿದದ್ದು ಕಂಡ ಮೇಲೆ ಅವನ ಹೆಗಲು ಸಡಿಲವಾಯಿತು. ತಗೊಂಡೆಯಾ ಎಂದು ಕೇಳಿದ. ಹೂಂ ಎಂದಳು, ತುಟಿ ಬಿಚ್ಚದೆ. ಮಾತ್ರೆ ಕರಗಿ ಅದರ ಕಹಿ ಹಲ್ಲಿನ ಬುಡಕ್ಕೆಲ್ಲ ಹರಿಯುತ್ತಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಈ ಮನುಷ್ಯನಿಗೆ ಹೇಳಿದ ಸುಳ್ಳುಗಳಲ್ಲೆಲ್ಲ ಇದೇ ಅತ್ಯಂತ ಕಹಿಯಾದದ್ದು ಎಂದು ಹೊಳೆಯಿತು. ಹೊಳೆದದ್ದು ತನಗೇ ತಮಾಷೆಯಾಗಿ ಕಂಡಿತು. ಕಂಡದ್ದೇ ತಡ, ಮೊಣಕಾಲ ಹಿಂದೆ ಯಾರೋ ಬೆರಳಿನಿಂದ ತಟ್ಟಿದ ಹಾಗಾಗಿ ಅವಳು ಕಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವನಿಗೆ ಅದು ಕಾಣಲಿಲ್ಲ. ಹುಷಾರು ಎಂದು ಹೇಳಿ, ತನ್ನ ಪಾನಾ, ಸ್ಕ್ರೂಡ್ರೈವರುಗಳ ಭಾರದ ಚೀಲವನ್ನು ಹೆಗಲಿಗೇರಿಸಿಕೊಂಡು ಹೊರಟ. ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ ಅವಳು ಬಚ್ಚಲಿಗೆ ಹೋಗಿ ಉಗುಳಿ ಬಾಯಿ ಮುಕ್ಕಳಿಸಿದಳು. ನಿನ್ನೆಯೂ ಹೀಗೇ ಮಾಡಿದ್ದಳು.

ಅವಳ ಕಾಯಿಲೆಗೆ ಉದ್ದನೆಯ ಹೆಸರೊಂದಿದೆ. ಮನೆಯಲ್ಲಿ ಯಾರೂ ಅದನ್ನು ಹೇಳುವುದಿಲ್ಲ, ‘ಅದು’ ಎನ್ನುತ್ತಾರೆ. ಅದು ಬಂತಾ, ಅದು ಆಯ್ತಾ. ನರಗಳದ್ದು, ಒಮ್ಮೆ ಬಂದರೆ ಬಿಟ್ಟು ಹೋಗುವಂಥದ್ದಲ್ಲ. ಕನಸು ಕಾಣುವಾಗ ನಾವು ಎದ್ದು ಓಡಾಡದಿರಲೆಂದು ಮಿದುಳು ಕೈಕಾಲನ್ನು ಕಟ್ಟಿಹಾಕಿರುತ್ತದಂತೆ. ಅವಳಿಗೆ ಆ ಕಟ್ಟು ಹಾಡಹಗಲೇ, ಪೂರ್ತಿ ಎಚ್ಚರದಲ್ಲೇ ಬೀಳುತ್ತದೆ. ಅದೂ ನಗು ಬಂದಾಗ. ಅಳು ಬಂದರೆ ಏನೂ ಆಗುವುದಿಲ್ಲ, ಎಷ್ಟು ಹೊತ್ತು ಬೇಕಾದರೂ ಅಳುತ್ತ ಕಂಬದ ಹಾಗೆ ನಿಂತಿರಬಹುದು. ನಗು ಬಂದರೆ ಮಾತ್ರ ಮೊದಲು ರೆಪ್ಪೆ ಜೋತುಬೀಳುತ್ತದೆ, ಆಮೇಲೆ ದವಡೆ, ಆಮೇಲೆ ಕತ್ತು, ಕೊನೆಗೆ ಮೊಣಕಾಲು. ಬಿದ್ದಲ್ಲೇ ಬಿದ್ದಿರುತ್ತಾಳೆ. ಕಿವಿ ಕೇಳುತ್ತಿರುತ್ತದೆ, ಕಣ್ಣ ಸಂದಿಯಿಂದ ಕಾಣುತ್ತಿರುತ್ತದೆ, ಬುದ್ಧಿ ಚುರುಕಾಗಿಯೇ ಇರುತ್ತದೆ, ಒಂದು ಬೆರಳೂ ಅಲ್ಲಾಡುವುದಿಲ್ಲ. ಸ್ವಲ್ಪ ಹೊತ್ತಿಗೆ ಎಲ್ಲ ತಾನಾಗಿ ಮರಳುತ್ತದೆ. ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿತ್ತು. ಎದುರಿನವರ ಬಾಯಿ ಮುಚ್ಚಿಸುವಂಥ ಉತ್ತರ ಹೊಳೆದರೂ ಸಾಕು, ಹೊಳೆದ ಖುಷಿಗೇ ದವಡೆ ಕೈಕೊಡುತ್ತಿತ್ತು. ಹೀಗಾಗಿ ಕಳೆದ ಮೂರು ವರ್ಷದ ಅವಳ ಒಳ್ಳೊಳ್ಳೆಯ ಉತ್ತರಗಳೆಲ್ಲ ಅವಳ ಹೊಟ್ಟೆಯಲ್ಲೇ ಉಳಿದಿದ್ದವು, ಮತ್ತು ನಾದಿನಿ ಅಷ್ಟು ವರ್ಷವೂ ಎಲ್ಲ ಜಗಳಗಳನ್ನೂ ಗೆದ್ದಿದ್ದಳು.

ಮನೆಯಲ್ಲಿ ನಗುವನ್ನು, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕತ್ತರಿಯನ್ನು ಇಡುವ ಹಾಗೆ, ಕೈಗೆ ಸಿಗದ ಕಡೆ ಎತ್ತಿಟ್ಟಿದ್ದರು. ಗಂಡ ಲಿಫ್ಟು ರಿಪೇರಿ ಮಾಡುವವನು. ಮೊದಲೆಲ್ಲ ಸಂಜೆ ಬಂದು, ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಕತೆಗಳನ್ನು ಹವಾಮಾನ ವರದಿ ಓದುವ ಧಾಟಿಯಲ್ಲಿ ಹೇಳುತ್ತಿದ್ದ. ಒಬ್ಬರ ಮುಖ ಒಬ್ಬರು ನೋಡದ ಅಕ್ಕಪಕ್ಕದ ಮನೆಯ ಹೆಂಗಸರಿಬ್ಬರು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿದ್ದರು, ಬಾಗಿಲು ತೆಗೆದಾಗ ಮಾತು ಮುಗಿದಿಲ್ಲ, ಇನ್ನೂ ಸ್ವಲ್ಪ ಹೊತ್ತು ಮುಚ್ಚಿ ಎಂದರು ಎಂದು ಹೇಳಿ, ಉಪ್ಪು ಕೊಡು ಎನ್ನುತ್ತಿದ್ದ. ಅದರಲ್ಲಿ ನಗುವಂಥದ್ದು ಏನಿದೆ ಎಂದು ಅವನಿಗೆ ನಿಜಕ್ಕೂ ಗೊತ್ತಾಗುತ್ತಿರಲಿಲ್ಲ. ಅವಳು ಹೊಟ್ಟೆ ಹಿಡಿದುಕೊಂಡು ನಗುವಾಗ ತಟ್ಟೆಯ ಮುಂದೆ ಅವನು ಹೆಮ್ಮೆಯಿಂದ, ಸ್ವಲ್ಪ ಪೆಚ್ಚಾಗಿ ಕೂತಿರುತ್ತಿದ್ದ. ಈಗ ಅವನು ಏನೂ ಹೇಳುವುದಿಲ್ಲ. ಇವತ್ತು ಯಾರೂ ಸಿಕ್ಕಿಕೊಳ್ಳಲಿಲ್ಲವಾ ಎಂದು ಅವಳೇ ಕೆದಕಿದರೆ ಮೋಟಾರು ಸುಟ್ಟಿತ್ತು, ಹಗ್ಗ ಸವೆದಿತ್ತು ಎನ್ನುತ್ತಾನೆ. ಅವನ ಬಾಯಿಯ ಅಂಚಿನಲ್ಲಿ ಕತೆಯೊಂದು ಕಾದು ಕೂತಿರುವುದು ಅವಳಿಗೆ ಕಾಣುತ್ತದೆ. ಮಗಳಂತೂ ಗೆಳತಿಯರು ಬಂದರೆ, ಅಮ್ಮ ಮಲಗಿದ್ದಾರೆ ಎಂದು ಮೆಲ್ಲಗೆ ಹೇಳಿ ಕೋಣೆಯ ಬಾಗಿಲು ಎಳೆದುಕೊಳ್ಳುತ್ತಾಳೆ. ಆಚೆಯಿಂದ ಹುಡುಗಿಯರ ಕಿಸಿಕಿಸಿ, ಆಮೇಲೆ ಮಗಳ ‘ಶ್’. ಆ ‘ಶ್’ ಕೇಳಿದಾಗ ಅವಳಿಗೆ ಬದುಕಿನಲ್ಲಿ ಮೊದಲ ಸಲ ತಾನು ರೋಗಿ ಎನಿಸಿತ್ತು.

ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ನಿದ್ದೆ ಬರದಿರಲೆಂದು ಹೆಬ್ಬೆರಳಿನ ಉಗುರನ್ನು ತೋರುಬೆರಳಿಗೆ ಒತ್ತಿಕೊಂಡಳು. ನಿದ್ದೆಯೂ ಈ ಕಾಯಿಲೆಯ ಇನ್ನೊಂದು ತುಂಟತನ, ಕರೆಯದೆ ಬರುತ್ತದೆ. ಚಿಕ್ಕಂದಿನಲ್ಲಿ ಅವಳನ್ನು ಗಿಲಕಿ ಎಂದು ಕರೆಯುತ್ತಿದ್ದರು. ಸುಮ್ಮನೆ ಮುಟ್ಟಿದರೂ ಸದ್ದು ಮಾಡುತ್ತಾಳೆ ಎಂದು. ದೊಡ್ಡಮ್ಮ ತೊಡೆ ಚಿವುಟುತ್ತಿದ್ದಳು, ಟೀಚರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು, ಅಪ್ಪ ಪೇಪರಿನ ಹಿಂದಿನಿಂದಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಹುಡುಗಿ ಹಾಗೆ ಹಲ್ಲು ಬಿಡಬಾರದು, ನೋಡಿದವರು ಏನಂದುಕೊಳ್ಳುತ್ತಾರೆ. ನೋಡಿದವರು ಏನಂದುಕೊಂಡರೋ, ಅವಳು ಮಾತ್ರ ನಗುತ್ತಲೇ ಬೆಳೆದಳು, ಅದೊಂದರಲ್ಲಿ ಯಾರ ಮಾತನ್ನೂ ಕೇಳಲಿಲ್ಲ. ಈಗ ನೋಡಿದರೆ ರೋಗ ಬಂದು ದೊಡ್ಡಮ್ಮನ ಪಕ್ಷ ಸೇರಿಕೊಂಡಿದೆ. ಅವಳಿಗೆ ಅತ್ಯಂತ ಸಿಟ್ಟು ಬರುವುದು ಇದಕ್ಕೇ. ಕಣ್ಣು ಕಿತ್ತುಕೊಳ್ಳಬಹುದಿತ್ತು, ಕಿವಿ ಕಿತ್ತುಕೊಳ್ಳಬಹುದಿತ್ತು, ಮೈಯಲ್ಲಿ ಬೇರೆ ಜಾಗವೇ ಇರಲಿಲ್ಲವೇನೋ ಎಂಬಂತೆ ಹುಡುಕಿಕೊಂಡು ಬಂದು ಇಲ್ಲೇ ಕೈ ಹಾಕಿದೆ. ಆಸ್ಪತ್ರೆಗೆ ಬ್ಯಾಂಕಿನ ನಿವೃತ್ತ ಅಧಿಕಾರಿಯೊಬ್ಬರು ಬರುತ್ತಾರೆ. ಅವಳದೇ ಕಾಯಿಲೆ. ಡಾಕ್ಟರು ಅವರನ್ನು ಎಲ್ಲರಿಗೂ ಮಾದರಿಯಾಗಿ ತೋರಿಸುತ್ತಾರೆ, ಏಕೆಂದರೆ ಅವರು ಬೀಳುವುದನ್ನೇ ನಿಲ್ಲಿಸಿದ್ದಾರೆ. ಹೇಗೆ ಸಾರ್ ಎಂದು ಅವಳು ಆಸೆಯಿಂದ ಕೇಳಿದ್ದಳು. ಯಾರಾದರೂ ತಮಾಷೆ ಶುರು ಮಾಡಿದ ಕೂಡಲೇ ಮನಸ್ಸಿನಲ್ಲೇ ಹದಿನೇಳರ ಮಗ್ಗಿ ಹೇಳಿಕೊಳ್ಳುತ್ತೇನೆ, ಮುಗಿಯುವಷ್ಟರಲ್ಲಿ ತಮಾಷೆಯೂ ಮುಗಿದಿರುತ್ತದೆ ಎಂದರು. ನನಗೆ ಇದೇನೂ ಕಷ್ಟವಾಗಲಿಲ್ಲ, ಮೊದಲಿನಿಂದಲೂ ನಾನು ಗಂಭೀರ ಎಂದರು. ಇಸ್ತ್ರಿ ಮಾಡಿದಂಥ ಮುಖ. ಆಮೇಲೆ ಸಣ್ಣ ವಯಸ್ಸಿನ ಡಾಕ್ಟರೊಬ್ಬ ಅವಳನ್ನು ಕೂರಿಸಿಕೊಂಡು, ನೀವು ಬೇಗ ನಗುವವರಾ, ಬೇಗ ರೇಗುವವರಾ, ಎಲ್ಲರ ಜೊತೆ ಬೆರೆಯುವವರಾ ಎಂದೆಲ್ಲ ಕೇಳಿ, ಈ ಕಾಯಿಲೆಯನ್ನು ಯಾರು ಹೇಗೆ ತಾಳಿಕೊಳ್ಳುತ್ತಾರೆ ಎನ್ನುವುದು ಸ್ವಭಾವದ ಮೇಲೆ ನಿಂತಿದೆ ಎಂದು ವಿವರಿಸಿ, ಸ್ವಲ್ಪ ಸ್ವಭಾವ ಬದಲಾಯಿಸಿಕೊಂಡರೆ ನಿಮಗೂ ಹಗುರವಾಗುತ್ತದೆ ಎಂದ. ತಾಳಿಕೊಳ್ಳಬೇಕಾದವಳು ನಾನೇ ಇಲ್ಲದಿದ್ದರೆ ತಾಳಿಕೊಳ್ಳುವುದು ಯಾರು ಎಂದು ಕೇಳಬೇಕೆನಿಸಿತು. ಒಳ್ಳೆಯ ಪ್ರಶ್ನೆ. ಕೇಳುವ ಮೊದಲೇ ಗಲ್ಲ ಎದೆಗೆ ಬಿತ್ತು. ಆ ಹುಡುಗ ಮಾತ್ರೆಯ ಪ್ರಮಾಣ ಹೆಚ್ಚಿಸಿದ.

ಮಾತ್ರೆ ಕೆಲಸ ಮಾಡಿತು, ಸುಳ್ಳು ಹೇಳಬಾರದು. ಅವಳು ನೇರ ನಿಂತಳು, ಎಲ್ಲೂ ಬೀಳಲಿಲ್ಲ, ಗಂಡನ ಮುಖಕ್ಕೆ ಬಣ್ಣ ಬಂತು. ಆದರೆ ನೆಗಡಿಯಾದಾಗ ಉಂಡ ಹಾಗಾಗಿತ್ತು. ಯಾರೋ ಬಾಳೆಹಣ್ಣಿನ ಸಿಪ್ಪೆಗೆ ಹೆದರಿ ಸುತ್ತುಹಾಕಿ ಹೋಗಿ ಕಂಬಕ್ಕೆ ಹಾಯ್ದದ್ದನ್ನು ಕಣ್ಣಾರೆ ಕಂಡರೂ, ಅದು ತಮಾಷೆ ಎಂದು ಲೆಕ್ಕ ಹಾಕಿ ತಿಳಿದುಕೊಳ್ಳಬೇಕಾಗುತ್ತಿತ್ತು. ಕಳೆದ ವಾರ ಆಫೀಸಿನ ಮೇಲ್ವಿಚಾರಕರ ಬೀಳ್ಕೊಡುಗೆಗೆಂದು ಮಾತು ಕಟ್ಟಲು ಕೂತಾಗ ಅವಳಿಗೆ ನಿಜವಾಗಿ ಭಯವಾಯಿತು. ಒಂದೂ ಹುಟ್ಟಲಿಲ್ಲ. ಹುಟ್ಟಿದವೆಲ್ಲ ಶಾಲೆಯ ವಾರ್ಷಿಕ ವರದಿಯ ಹಾಗಿದ್ದವು. ಆ ರಾತ್ರಿ ಪಕ್ಕದಲ್ಲಿ ಗಂಡ ನೆಮ್ಮದಿಯಿಂದ ಗೊರಕೆ ಹೊಡೆಯುತ್ತಿರುವಾಗ ಅವಳು ತೀರ್ಮಾನ ಮಾಡಿದಳು. ಒಮ್ಮೆಲೇ ಬಿಟ್ಟರೆ ರೋಗ ಬಡ್ಡಿ ಸಮೇತ ತೀರಿಸಿಕೊಳ್ಳುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದು ನೆನಪಿತ್ತು. ತೀರಿಸಿಕೊಳ್ಳಲಿ ಎಂದುಕೊಂಡಳು.

ಬಸ್ ನಿಲ್ದಾಣದ ನೆಲಮಾಳಿಗೆಯಲ್ಲಿ, ಮೆಟ್ಟಿಲು ಇಳಿದು ಎಡಕ್ಕೆ ತಿರುಗಿದರೆ, ಮರೆತ ಸಾಮಾನಿನ ವಿಭಾಗ. ಬಸ್ಸುಗಳಲ್ಲಿ ಜನ ಬಿಟ್ಟುಹೋದದ್ದೆಲ್ಲ ಇಲ್ಲಿಗೆ ಬರುತ್ತದೆ. ಛತ್ರಿಗಳದೇ ಒಂದು ಗೋಡೆ. ಊಟದ ಡಬ್ಬಿಗಳು, ಒಂಟಿ ಕೈಗವಸುಗಳು, ಗಾಜಿನ ಶೀಷೆಯಲ್ಲಿ ಹಲ್ಲಿನ ಸೆಟ್ಟುಗಳು, ಒಂದು ಮೂಲೆಯಲ್ಲಿ ಊರುಗೋಲುಗಳ ಕಂತೆ. ಊರುಗೋಲು ಬಿಟ್ಟವರು ಬಸ್ಸಿನಿಂದ ಇಳಿದದ್ದು ಹೇಗೆ ಎಂಬ ಪ್ರಶ್ನೆಗೆ ವಿಭಾಗದಲ್ಲಿ ಇನ್ನೂ ಉತ್ತರ ಸಿಕ್ಕಿಲ್ಲ. ಪ್ರತಿಯೊಂದಕ್ಕೂ ಒಂದು ಚೀಟಿ ಕಟ್ಟಿರುತ್ತದೆ. ಬಂದವರು ಗುರುತು ಹೇಳಬೇಕು: ಬಣ್ಣ, ಅಳತೆ, ಎಲ್ಲಿ ಹರಿದಿದೆ, ಎಲ್ಲಿ ಹೊಲಿಗೆ ಬಿಟ್ಟಿದೆ. ಸರಿಯಾದರೆ ಒಯ್ಯಬಹುದು. ಆರು ತಿಂಗಳು ಯಾರೂ ಬರದಿದ್ದರೆ ಹರಾಜು. ಅವಳು ಇಲ್ಲಿ ಕೆಲಸಕ್ಕೆ ಸೇರಿದಂದಿನಿಂದ ಕೌಂಟರಿನಲ್ಲೇ ಇದ್ದವಳು. ಹೋದ ವರ್ಷ ಒಬ್ಬರು ಪಿಟೀಲು ಕೇಳಿಕೊಂಡು ಬಂದರು. ನಿವೃತ್ತಿಯಾದ ಮೇಲೆ ಕಲಿಯಲು ಶುರು ಮಾಡಿದವರಂತೆ. ಅವರು ಗುರುತು ಹೇಳುತ್ತಿರುವಾಗ ಬೆನ್ನ ಹಿಂದೆ ಅವರ ಹೆಂಡತಿ, ಗಂಡನಿಗೆ ಕಾಣದಂತೆ ಎರಡೂ ಕೈ ಜೋಡಿಸಿ, ಇಲ್ಲ ಅನ್ನಿ, ದಮ್ಮಯ್ಯ ಇಲ್ಲ ಅನ್ನಿ ಎಂದು ಸನ್ನೆ ಮಾಡುತ್ತಿದ್ದರು. ಅವಳು ಕೌಂಟರಿನ ಹಿಂದೆ ಕುಸಿದು ಮಾಯವಾದಳು. ಮರುದಿನವೇ, ವಿಭಾಗಕ್ಕೆ ಆಗಷ್ಟೇ ಬಂದಿದ್ದ ಹೊಸ ಅಧಿಕಾರಿ ಅವಳನ್ನು ಹಿಂದಿನ ಕಪಾಟುಗಳ ಕಡೆಗೆ ಹಾಕಿದ. ಅವನದು ಒಳ್ಳೆಯ ಮನಸ್ಸು, ಅದೇ ಕಷ್ಟ. ಕೆಟ್ಟವನಾಗಿದ್ದರೆ ಕಾಲು ಕೆದರಿ ಜಗಳವಾಡಬಹುದಿತ್ತು. ನಿಮ್ಮ ಒಳ್ಳೆಯದಕ್ಕೇ ಮೇಡಂ ಎಂದು ಹೇಳುವವನ ಮೇಲೆ ಯಾವ ಬಾಯಲ್ಲಿ ಹರಿಹಾಯುವುದು? ಅಂದಿನಿಂದ ಅವಳು ಛತ್ರಿಗಳ ನಡುವೆ ನಿಂತು ಚೀಟಿ ಕಟ್ಟುತ್ತಾಳೆ. ಮುಂದೆ ಕೌಂಟರಿನಲ್ಲಿ ಗುಸುಗುಸು, ನಗು. ಅವಳು ಬಂದರೆ ಎಲ್ಲರೂ ಸಾವಿನ ಮನೆಯಲ್ಲಿರುವವರ ಹಾಗೆ ಮುಖ ಮಾಡಿಕೊಳ್ಳುತ್ತಾರೆ.

ಇವತ್ತು ದೊಡ್ಡವರು ನಿವೃತ್ತರಾಗುವ ದಿನ. ವಿಭಾಗದ ಮೇಲ್ವಿಚಾರಕರನ್ನು ಎಲ್ಲರೂ ದೊಡ್ಡವರು ಎಂದೇ ಕರೆಯುವುದು. ನಕ್ಕಿದ್ದನ್ನು ಯಾರೂ ಕಂಡಿಲ್ಲ. ಚಹಾದವನ ಹತ್ತಿರ ಬಿಸ್ಕತ್ತಿಗೂ ಚೌಕಾಸಿ ಮಾಡುವವರು, ಹರಾಜಿನ ದಿನ ಹಿಡಿ ಇಲ್ಲದ ಛತ್ರಿಗೂ ಬೆಲೆ ಏರಿಸುವವರು. ಈ ವಿಭಾಗದ್ದೇ ಒಂದು ಪದ್ಧತಿಯಿದೆ. ನಿವೃತ್ತರಾಗುವವರ ಅಂಗಿಯ ಗುಂಡಿಗೆ ಚೀಟಿ ಕಟ್ಟಿ ಕಪಾಟಿನ ಪಕ್ಕ ನಿಲ್ಲಿಸುತ್ತಾರೆ. ಅವರ ಹೆಂಡತಿಯೋ ಗಂಡನೋ ಕೌಂಟರಿನ ಆಚೆ ನಿಂತು, ನಮ್ಮ ಸಾಮಾನು ಇಲ್ಲೇ ಎಲ್ಲೋ ಬಿಟ್ಟಿದ್ದೆವು ಎಂದು ಕೇಳಬೇಕು. ಆಗ ವಿಭಾಗದವರೊಬ್ಬರು ಗುರುತುಗಳನ್ನು ಒಂದೊಂದಾಗಿ ಹೇಳುತ್ತಾರೆ. ಯಾವ ಮುಲಾಜೂ ಇಲ್ಲದೆ, ಎಲ್ಲಿ ಸವೆದಿದೆ, ಎಲ್ಲಿ ಬಿರುಕಿದೆ, ತಿರುಗಿಸಿದರೆ ಯಾವ ಸದ್ದು ಮಾಡುತ್ತದೆ ಎಂದೆಲ್ಲ. ಹೌದು, ಇದೇ ನಮ್ಮದು ಎಂದು ಒಪ್ಪಿಕೊಂಡ ಮೇಲೆ ಸಾಮಾನನ್ನು ಬಿಟ್ಟುಕೊಡುತ್ತಾರೆ. ಆ ಗುರುತು ಹೇಳುವುದು ಯಾವತ್ತೂ ಅವಳ ಕೆಲಸ. ಅದರಲ್ಲಿ ಅವಳದು ಎತ್ತಿದ ಕೈ. ಅವಳ ಬಾಯಿಂದ ಗುರುತು ಹೇಳಿಸಿಕೊಂಡು ಹೋದವರು ಇವತ್ತಿಗೂ ದಾರಿಯಲ್ಲಿ ಸಿಕ್ಕರೆ ಅದನ್ನೇ ನೆನೆಸಿಕೊಂಡು ನಗುತ್ತಾರೆ, ಅವಳು ಅಲ್ಲೇ ಗೋಡೆ ಹುಡುಕುತ್ತಾಳೆ. ಈ ಸಲ ಲೆಕ್ಕದವನು ಹೇಳುತ್ತಾನೆಂದು ಹೊಸ ಅಧಿಕಾರಿ ನಿರ್ಧರಿಸಿದ್ದ. ಲೆಕ್ಕದವನು ಆಗಲೇ ಒಂದು ಹಾಳೆಯಲ್ಲಿ ‘ಮಿತಭಾಷಿಗಳೂ ಸರಳ ಸಜ್ಜನರೂ ಆದ’ ಎಂದು ಶುರು ಮಾಡಿದ್ದನ್ನು ಅವಳು ಇಣುಕಿ ನೋಡಿದ್ದಳು. ಇವತ್ತು ಇದನ್ನು ಬಿಟ್ಟುಕೊಟ್ಟರೆ ಇನ್ನು ಯಾವತ್ತೂ ಯಾರೂ ಅವಳನ್ನು ಕೇಳುವುದಿಲ್ಲ. ಒಂದು ಜಾಗ ಒಮ್ಮೆ ಖಾಲಿಯಾದರೆ ಜನ ಎಷ್ಟು ಬೇಗ ಅಲ್ಲಿ ಕುರ್ಚಿ ಹಾಕುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.

ಮಧ್ಯಾಹ್ನ ದೊಡ್ಡವರ ಕೋಣೆಗೆ ಹೋದಳು. ಅವರು ಮೇಜಿನ ಡ್ರಾಯರು ಖಾಲಿ ಮಾಡುತ್ತ, ಹಳೆಯ ಮೊಹರುಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದರು.

“ಇವತ್ತಿನ ಗುರುತು ನಾನು ಹೇಳ್ಬೇಕು ಸಾರ್.”

ಅವರು ತಲೆ ಎತ್ತಲಿಲ್ಲ. ಲೆಕ್ಕದವರು ಹೇಳುತ್ತಾರೆಂದು ತೀರ್ಮಾನವಾಗಿದೆಯಲ್ಲ ಎಂದರು.

“ಅವ್ರು ಹೇಳಿದ್ರೆ ನಿಮ್ಮನ್ನ ಯಾರೂ ತಗೊಂಡು ಹೋಗಲ್ಲ.”

ಅವರು ಇನ್ನೊಂದು ಮೊಹರು ತೆಗೆದು ಬಾಯಿಂದ ಊದಿ ಧೂಳು ಹಾರಿಸಿದರು. ನಗಲಿಲ್ಲ. ಬಿದ್ದರೆ ಎಂದು ಕೇಳಿದರು.

“ಬಿದ್ದೇ ಬೀಳ್ತೀನಿ ಸಾರ್, ಅದ್ರಲ್ಲಿ ಅನುಮಾನ ಇಲ್ಲ. ಬಿದ್ದಾಗ ಯಾರೂ ಎದ್ದು ಬರಬಾರ್ದು, ಅಷ್ಟೇ. ಸ್ವಲ್ಪ ಹೊತ್ತು ಬಿಟ್ರೆ ಬಾಯಿ ವಾಪಸ್ ಬರುತ್ತೆ. ಮಿಕ್ಕಿದ್ದು ಹೇಳಿ ಮುಗಿಸ್ತೀನಿ.”

ಅವರು ಯೋಚಿಸಿದರು. ತಮ್ಮ ಹೆಂಡತಿ ಇದನ್ನೆಲ್ಲ ನೋಡಿದವಳಲ್ಲ, ಹೆದರಿಕೊಳ್ಳುತ್ತಾಳೆ ಎಂದರು. ಇಷ್ಟು ವರ್ಷ ನಿಮ್ಮ ಜೊತೆ ಬಾಳಿದವರು ಸಾರ್, ಹೆದರಲ್ಲ ಎನ್ನಲು ಹೋದಳು. ‘ನಿಮ್ಮ ಜೊತೆ’ ಎನ್ನುವಷ್ಟರಲ್ಲಿ ಮಾತು ಹಿಟ್ಟಿನ ಹಾಗೆ ಮೆತ್ತಗಾಗಿ, ಕತ್ತು ಕಳಚಿಕೊಂಡು, ಅವಳು ಎದುರಿನ ಕುರ್ಚಿಗೆ ಕುಸಿದು ಹಣೆಯನ್ನು ಅವರ ಮೇಜಿಗೆ ಒತ್ತಿ ಬಿದ್ದಳು. ಬಾಯಿಯ ಮೂಲೆಯಿಂದ ಜೊಲ್ಲು ಇಳಿದು ಮೇಜಿನ ಗಾಜಿನ ಮೇಲೆ ಸಣ್ಣ ವೃತ್ತವಾಯಿತು. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಅದನ್ನು ಒರೆಸಲು ಕೈ ಏಳುತ್ತಿರಲಿಲ್ಲ. ಅವರು ಗಾಬರಿಯಾಗಿ ಕೂಗುತ್ತಾರೆ, ಹೊಸ ಅಧಿಕಾರಿ ಓಡಿ ಬರುತ್ತಾನೆ, ಇಲ್ಲಿಗೆ ಮುಗಿಯಿತು ಎಂದುಕೊಂಡಳು. ಅವರು ಕೂಗಲಿಲ್ಲ. ಟಕ್, ಟಕ್ ಎಂದು ಮೊಹರುಗಳನ್ನು ನಿಲ್ಲಿಸುವ ಸದ್ದು ಅವಳ ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು. ಅವಳು ತಲೆ ಎತ್ತಿ ಕೈಯಿಂದ ಗಲ್ಲ ಒರೆಸಿಕೊಂಡಾಗ ಅವರು, ಆಯಿತೇ ಎಂದು ಕೇಳಿದರು. ಆಯಿತು ಎಂದಳು. ನಾಲ್ಕಕ್ಕೆ ಬನ್ನಿ, ಲೆಕ್ಕದವರಿಗೆ ನಾನು ಹೇಳುತ್ತೇನೆ ಎಂದು ಮತ್ತೆ ಡ್ರಾಯರಿಗೆ ಕೈ ಹಾಕಿದರು.

ನಾಲ್ಕಕ್ಕೆ ವಿಭಾಗದವರೆಲ್ಲ ಕೌಂಟರಿನ ಸುತ್ತ ಕುರ್ಚಿ ಹಾಕಿಕೊಂಡು ಕೂತಿದ್ದರು. ದೊಡ್ಡವರು ಕಪಾಟಿನ ಪಕ್ಕ ಊರುಗೋಲುಗಳ ಜೊತೆ ನಿಂತಿದ್ದರು, ಗುಂಡಿಗೆ ಕಟ್ಟಿದ ಚೀಟಿ ಫ್ಯಾನಿನ ಗಾಳಿಗೆ ಅಲ್ಲಾಡುತ್ತಿತ್ತು. ಅವರ ಹೆಂಡತಿ ಕೌಂಟರಿನ ಆಚೆ. ಗುಂಡು ಮುಖದ, ಕೈಚೀಲವನ್ನು ಎದೆಗೊತ್ತಿಕೊಂಡ ಹೆಂಗಸು. ಹೊಸ ಅಧಿಕಾರಿ ಎಲ್ಲಿಂದಲೋ ಕೈಯಿರುವ ಕುರ್ಚಿಯೊಂದನ್ನು ತಂದು ಅದಕ್ಕೆ ದಿಂಬು ಬೇರೆ ಹಾಕಿ, ಕೂತೇ ಹೇಳಿ ಮೇಡಂ ಎಂದು ಬೇಡಿಕೊಂಡ. ಅವಳು ಬೇಡವೆಂದಳು. ಕೂತು ಹೇಳಿದ ತಮಾಷೆ ಕೂತೇ ಇರುತ್ತದೆ. ಇಷ್ಟು ವರ್ಷ ನಿಂತು ಹೇಳಿದವಳು ಇವತ್ತೂ ನಿಂತೇ ಹೇಳುತ್ತಾಳೆ. ಮೊದಲೇ ಒಂದು ಮಾತು ಎಂದು ಶುರು ಮಾಡಿದಳು. ತಾನು ನಡುವೆ ಬೀಳುತ್ತೇನೆ, ಬಿದ್ದರೆ ಯಾರೂ ಏಳಕೂಡದು, ನೀರು ಗೀರು ಬೇಡ, ಮಾತು ಇನ್ನೂ ಮುಗಿದಿರುವುದಿಲ್ಲ ಎಂದು ಹೇಳಿದಳು. ಒಬ್ಬಿಬ್ಬರು ತಲೆಯಾಡಿಸಿದರು. ಮಿಕ್ಕವರು ತಮ್ಮ ಷೂಗಳನ್ನು ನೋಡಿಕೊಂಡರು. ಕುರ್ಚಿಗಳ ಅಂಚಿಗೆ ಸರಿದು, ಏಳಲು ತಯಾರಾಗಿ ಕೂತ ಮಂದಿಯ ಮುಂದೆ ತಮಾಷೆ ಮಾಡುವುದು ಎಂಥ ಕಷ್ಟ ಎಂದು ಅವಳಿಗೆ ಆಗಲೇ ಗೊತ್ತಾಯಿತು.

ನಮ್ಮ ಸಾಮಾನು ಇಲ್ಲೇ ಬಿಟ್ಟಿದ್ದೆವು ಎಂದು ದೊಡ್ಡವರ ಹೆಂಡತಿ ನಾಚಿಕೊಂಡು ಕೇಳಿದರು. ಅವಳು ಗುರುತು ಹೇಳತೊಡಗಿದಳು. ಸಾಮಾನು, ಗಂಡಸು, ಒಂದು. ಬಣ್ಣ, ತಂದಾಗ ಕಪ್ಪು, ಈಗ ಬಿಳಿ. ತಲೆಯ ಬಗ್ಗೆ ಮಾತ್ರ ಹೇಳುತ್ತಿದ್ದೇನೆ. ಬಳಸಿದ್ದು, ಆದರೆ ಇಸ್ತ್ರಿಯ ಗೆರೆ ಹಾಗೇ ಇದೆ, ಸಿಟ್ಟಿನ ಗೆರೆ ಕೂಡ. ಸದ್ದು ಮಾಡುವುದಿಲ್ಲ; ಅಲ್ಲಾಡಿಸಿ ನೋಡಿದ್ದೇವೆ. ಬಾಗುವುದಿಲ್ಲ, ಬಸ್ ಕಂಪನಿಯವರು ತುಂಬ ಪ್ರಯತ್ನಪಟ್ಟರು. ಮೊದಲು ಮೂಲೆಯಲ್ಲಿ ಯಾರೋ ಮೂಗಿನಲ್ಲಿ ನಕ್ಕರು, ಆಮೇಲೆ ಚಹಾ ತಂದವನು, ಆಮೇಲೆ ಸಾಲು ಸಾಲಾಗಿ ಎಲ್ಲರೂ. ದೊಡ್ಡವರ ಹೆಂಡತಿ ಕೈಚೀಲದಿಂದ ಬಾಯಿ ಮುಚ್ಚಿಕೊಂಡರು. ಅವಳ ಮೈಯೆಲ್ಲ ಹಿಗ್ಗಿತು. ಎಷ್ಟು ದಿನವಾಗಿತ್ತು, ಈ ಬಿಸಿ, ಈ ರುಚಿ ನಾಲಿಗೆಯ ಮೇಲೆ ಬಂದು. ರೆಪ್ಪೆ ಒಮ್ಮೆ ಜೋತುಬಿದ್ದು ಮತ್ತೆ ಎದ್ದಿತು. ಮೊಣಕಾಲಿಗೆ, ಇನ್ನೊಂದು ನಿಮಿಷ ಮಾರಾಯ ಎಂದು ಒಳಗೇ ಹೇಳಿದಳು. ಈಗ ದೊಡ್ಡದು ಬರಬೇಕಿತ್ತು, ಮಾತ್ರೆ ಉಗುಳಿದ ಮೇಲೆ ಹುಟ್ಟಿದ್ದು, ಅವಳ ಕೈಯಲ್ಲಿದ್ದದ್ದರಲ್ಲೇ ಒಳ್ಳೆಯದು.

“ಅಮ್ಮಾ, ಆರು ತಿಂಗಳು ಯಾರೂ ಕೇಳದಿದ್ದ ಸಾಮಾನನ್ನ ನಾವು ಹರಾಜು ಹಾಕ್ಬೇಕು, ಅದು ನಿಯಮ. ನೀವು ಬರ್ಲಿಲ್ಲ. ಇವ್ರಿಗೋ ನಿಯಮ ಅಂದ್ರೆ ಪ್ರಾಣ. ತಮ್ಮನ್ನೂ ಹರಾಜಿಗಿಡ್ರಿ ಅಂದ್ರು. ಇಟ್ವಿ. ಯಾರೂ ಬೆಲೆ ಕೂಗ್ಲಿಲ್ಲ. ಕೊನೇಗೆ—”

ಕೊನೆಗೆ ಏನೆಂಬುದು ಅವಳಿಗೆ ಗೊತ್ತಿತ್ತು, ಅದೇ ಕಷ್ಟ. ಅದು ಬಾಯಿಗೆ ಬರುವ ಮೊದಲೇ ಮೈಗೆ ಬಂದುಬಿಟ್ಟಿತು. ಬಡ್ಡಿ ಸಮೇತ. ದವಡೆ ಕಳಚಿತು, ಕೌಂಟರಿನ ಅಂಚು ಕೈಯಿಂದ ಜಾರಿತು, ಅವಳು ಪಕ್ಕಕ್ಕೆ ವಾಲಿ ನೆಲಕ್ಕೆ ಬಿದ್ದಳು.

ಕೌಂಟರಿನ ಕೆಳಗೆ ಧೂಳಿನ ಉಂಡೆಗಳಿದ್ದವು, ಯಾರದೋ ಅಂಗಿಯ ಗುಂಡಿಯೊಂದಿತ್ತು. ಅವುಗಳಾಚೆ ಷೂಗಳ ಸಾಲು. ಆಮೇಲೆ ಕುರ್ಚಿಗಳು ಕಿರ್ ಎಂದು ಹಿಂದೆ ಸರಿದವು. ನೀರು ತನ್ನಿ ಎಂದಿತು ಒಂದು ದನಿ. ಕಾಲು ಎತ್ತಿ ಹಿಡಿಯಿರಿ, ಗಾಳಿ ಬಿಡಿ, ನಾನು ಮೊದಲೇ ಹೇಳಿದ್ದೆ. ಪಾಪ, ಎಂದು ಹೆಂಗಸಿನ ದನಿಯೊಂದು ಹೇಳಿತು. ಪಾಪ ಎಂದು ಅತ್ತೆಯ ತಂಗಿಯೂ ಹೇಳಿದ್ದಳು, ಮಾವ ತೀರಿಹೋದ ದಿನ ಅವಳು ಹೀಗೇ ನೆಲದ ಮೇಲೆ ಬಿದ್ದಿದ್ದಾಗ. ಮಾವನ ದೇಹ ಹಜಾರದಲ್ಲಿತ್ತು. ಸುತ್ತ ಜನ ಕೂತಿದ್ದರು. ಮಾವನ ಹಳೆಯ ಸ್ನೇಹಿತರೊಬ್ಬರು ಗದ್ಗದರಾಗಿ ಮಾತಾಡುತ್ತ, ಹೋದವರ ಕನ್ನಡಕ ತೆಗೆದು ಪಕ್ಕಕ್ಕಿಡಲು ಹೋಗಿ ತಮ್ಮದನ್ನೇ ತೆಗೆದಿಟ್ಟು, ಆಮೇಲೆ ಕಣ್ಣು ಕಾಣದೆ ಹೆಣದ ಪಕ್ಕದಲ್ಲಿದ್ದ ನಾದಿನಿಯ ಗಂಡನ ಹಣೆಯನ್ನು ಭಕ್ತಿಯಿಂದ ಸವರಿದ್ದರು. ಅವಳು ಕುಸಿದಿದ್ದಳು. ಸೊಸೆ ಎಂದರೆ ಹೀಗಿರಬೇಕು, ಮಾವ ಹೋದದ್ದು ತಡೆಯಲಾಗಲಿಲ್ಲ ಪಾಪ ಎಂದು ಆ ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಮಾವನೆಂದರೆ ಅವಳಿಗೆ ಇಷ್ಟವಿತ್ತು, ಅದು ನಿಜ. ಆದರೆ ಅವತ್ತು ಬಿದ್ದದ್ದು ಅದಕ್ಕಲ್ಲ. ಆ ಹೊಗಳಿಕೆಯನ್ನು ಅವಳು ತಲೆ ತಗ್ಗಿಸಿ ಪಡೆದುಕೊಂಡಿದ್ದಳು, ಒಂದು ಸಲವೂ ಅಲ್ಲ ಎನ್ನಲಿಲ್ಲ. ಜನರಿಗೆ ಬಿದ್ದ ಹೆಂಗಸು ಬೇಕು, ನಗುವ ಹೆಂಗಸು ಬೇಡ. ಬಿದ್ದದ್ದೇ ನಕ್ಕಿದ್ದಕ್ಕೆ ಎಂದರೆ ಎರಡೂ ಬೇಡ. ಮುಖಕ್ಕೆ ತಣ್ಣನೆಯ ನೀರು ಬಿತ್ತು. ಮೂಗಿಗೂ ಹೋಯಿತು, ಸೀನಲೂ ಆಗಲಿಲ್ಲ. ಹೊಸ ಅಧಿಕಾರಿಯ ದನಿ, ತಗ್ಗಿಸಿದ, ಕಾಳಜಿಯ ದನಿ, ನೀವು ಮುಗಿಸಿಬಿಡಿ ಎಂದು ಲೆಕ್ಕದವನಿಗೆ ಹೇಳಿತು. 

ಹಾಳೆ ಬಿಚ್ಚಿದ ಸದ್ದು. ಲೆಕ್ಕದವನು ಕೆಮ್ಮಿದ. ಮಿತಭಾಷಿಗಳೂ ಎಂದ. ಅವಳು ಅಲ್ಲೇ, ಅವನ ಷೂವಿನಿಂದ ಮೊಳ ದೂರದಲ್ಲಿ, ತನ್ನ ಕೊನೆಯ ಮಾತು ಗಂಟಲಿನಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡು, ಬಿದ್ದಿದ್ದಳು. ಸರಳ ಸಜ್ಜನರೂ. ನಾಲಿಗೆಯನ್ನು ಅವಳು ಹುಡುಕಿದಳು. ಎಲ್ಲೋ ಇತ್ತು, ಬೇರೆಯವರದರ ಹಾಗೆ. ಅದನ್ನು ಎಳೆದಳು. ಕೈಕಾಲು ಆಮೇಲೆ ಬರಲಿ, ಅವುಗಳಿಂದ ಏನಾಗಬೇಕಿದೆ, ನೀನು ಬಾ. ಬಂದರೆ ಕುಡಿದವಳ ಮಾತಿನ ಹಾಗಿರುತ್ತದೆ ಎಂದೂ ಗೊತ್ತಿತ್ತು. ಇಷ್ಟು ದಿನ ಅದಕ್ಕೇ ಹೆದರಿ, ಪೂರ್ತಿ ಸರಿಯಾಗುವವರೆಗೆ ಬಾಯಿ ಮುಚ್ಚಿಕೊಂಡು ಮಲಗಿರುತ್ತಿದ್ದಳು. ಆಮೇಲೆ ಎದ್ದು, ಬಟ್ಟೆ ಕೊಡವಿಕೊಂಡು, ಎಲ್ಲರ ಕ್ಷಮೆ ಕೇಳುತ್ತಿದ್ದಳು. ಎಷ್ಟು ಜನರ ಕ್ಷಮೆ ಕೇಳಿದ್ದಾಳೋ. ಇವತ್ತು ಕೇಳುವುದಿಲ್ಲ.

“ಕೂ...ತ್ಕೊಳ್ಳಿ,” ಎಂದಳು.

ಅದು ಮನುಷ್ಯರ ದನಿಯ ಹಾಗಿರಲಿಲ್ಲ, ಬಚ್ಚಲ ತೂಬಿನ ಹಾಗಿತ್ತು. ಲೆಕ್ಕದವನು ನಿಲ್ಲಿಸಿದ. ಅವಳಿಗೆ ಏನೋ ಬೇಕಂತೆ ಎಂದು ಯಾರೋ ಹೇಳಿದರು. ಹೊಸ ಅಧಿಕಾರಿ ಬಗ್ಗಿ, ಏಳಬೇಡಿ ಮೇಡಂ, ಆರಾಮಾಗಿರಿ, ನಾವೆಲ್ಲ ಇದ್ದೇವೆ ಎಂದ. ಅವನ ಮುಖ ತುಂಬ ಹತ್ತಿರದಲ್ಲಿತ್ತು, ಕಣ್ಣಲ್ಲಿ ನಿಜವಾದ ಮರುಕವಿತ್ತು.

“ನೀವೂ. ಕೂತ್ಕೊಳ್ಳಿ. ಇನ್ನೂ ಮುಗ್ದಿಲ್ಲ.”

ಕಪಾಟಿನ ಕಡೆಯಿಂದ ದೊಡ್ಡವರ ಒಣ ದನಿ, ಹರಾಜಿನ ದಿನ ಕೇಳಿಸುವ ದನಿ, ಇನ್ನೂ ಗುರುತು ಪೂರ್ತಿಯಾಗಿಲ್ಲ, ಎಲ್ಲರೂ ಕೂತುಕೊಳ್ಳಿ ಎಂದಿತು. ಕುರ್ಚಿಗಳು ಮುಂದೆ ಬಂದವು. ಷೂಗಳು ತಮ್ಮ ತಮ್ಮ ಜಾಗಕ್ಕೆ ಮರಳಿದವು. ಅವಳ ದವಡೆ ಸ್ವಲ್ಪ ಸ್ವಲ್ಪವಾಗಿ ಗಟ್ಟಿಯಾಗುತ್ತಿತ್ತು. ಅವಳು ಅವಸರ ಮಾಡಲಿಲ್ಲ. ಅಷ್ಟು ಜನ ಅವಳ ಬಾಯಿಯನ್ನೇ ನೋಡುತ್ತ ಕಾಯುತ್ತಿದ್ದರು. ನಿಂತು ಹೇಳಿದ್ದ ಯಾವ ಸಲವೂ ಹೀಗೆ ಕಾದಿರಲಿಲ್ಲ. ಕಾಯಲಿ ಎನಿಸಿತು. ಅವಳು ಇಷ್ಟು ದಿನ ಕಾದಿಲ್ಲವೇ. ನೆಲ ತಣ್ಣಗಿತ್ತು. ಕೆನ್ನೆಗೆ ಅಂಟಿದ ಧೂಳಿನ ಸಮೇತ, ಕೌಂಟರಿನ ಕೆಳಗಿನ ಕತ್ತಲನ್ನು ನೋಡುತ್ತ, ಒಂದೊಂದೇ ಪದವನ್ನು ಎತ್ತಿ ಇಟ್ಟಳು.

“ಕೊನೇಗೆ ಇವ್ರೇ ಕೂಗಿದ್ರು. ತಮ್ಮನ್ನ ತಾವೇ. ಅದೂ... ಚೌಕಾಸಿ ಮಾಡಿ.”

ಹೇಳಿ ಮುಗಿಸಿದ್ದೇ, ಬಂದಷ್ಟು ಶಕ್ತಿಯೂ ಮತ್ತೆ ಸೋರಿಹೋಯಿತು. ಆದರೆ ಬೀಳಲು ಇನ್ನೇನೂ ಉಳಿದಿರಲಿಲ್ಲ. ಆಮೇಲೆ ಕಪಾಟಿನ ಕಡೆಯಿಂದ, ಎಂದೂ ತೆಗೆಯದ ಬಾಗಿಲೊಂದು ತೆರೆದಂಥ, ಒರಟಾದ, ಅಭ್ಯಾಸವಿಲ್ಲದ ಸದ್ದೊಂದು ಬಂತು. ದೊಡ್ಡವರು ನಗುತ್ತಿದ್ದರು. ಅವರ ಹಿಂದೆಯೇ ಅವರ ಹೆಂಡತಿ, ಹೌದು ಹೌದು ಇದೇ ನಮ್ಮದು ಎನ್ನುತ್ತ, ಆಮೇಲೆ ಇಡೀ ನೆಲಮಾಳಿಗೆ. ಇವರು ನಗುತ್ತಿರುವುದು ಮಾತಿಗೋ, ನೆಲದ ಮೇಲೆ ಚಿಂದಿಯ ಹಾಗೆ ಬಿದ್ದವಳಿಗೋ ಎಂದು ಅವಳ ಮನಸ್ಸು ಹಳೆಯ ಚಾಳಿಯಂತೆ ಅನುಮಾನಿಸಿ, ಕಿವಿಗೊಟ್ಟು ಕೇಳಿತು. ಗೊತ್ತಾಗುತ್ತದೆ. ಎಷ್ಟೋ ವರ್ಷ ಈ ಕಸುಬು ಮಾಡಿದವಳು, ಎರಡು ನಗುವಿನ ವ್ಯತ್ಯಾಸ ಗೊತ್ತಾಗದಿದ್ದರೆ ಹೇಗೆ. ಅವಳ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುತ್ತಿರಲಿಲ್ಲ, ಒಳಗೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಮಗಳು ಇಲ್ಲಿರಬೇಕಿತ್ತು ಎನಿಸಿತು. ರಾತ್ರಿ ಗಂಡನಿಗೆ ಮಾತ್ರೆಯ ವಿಷಯ ಹೇಳಬೇಕು. ಅವನು ಎರಡು ದಿನ ಮಾತು ಬಿಡುತ್ತಾನೆ, ಬಿಡಲಿ. ಆಮೇಲೆ ಲಿಫ್ಟಿನಲ್ಲಿ ಯಾರು ಸಿಕ್ಕಿಕೊಂಡಿದ್ದರು ಎಂದು ಹೇಳಲೇಬೇಕು, ಬೇಕಾದರೆ ಅವಳು ಹಾಸಿಗೆಯ ಮೇಲೆ ಮಲಗಿಕೊಂಡೇ ಕೇಳುತ್ತಾಳೆ.

ನಗು ಇಳಿಯುತ್ತಿತ್ತು. ಜನ ಕಣ್ಣೊರೆಸಿಕೊಳ್ಳುತ್ತಿದ್ದರು, ಯಾರೋ ಚಹಾ ಎಂದರು. ಹೊಸ ಅಧಿಕಾರಿ ತನ್ನ ಕುರ್ಚಿಯಿಂದ ಅರ್ಧ ಎದ್ದು, ಮತ್ತೆ ಕೂತು, ಆಮೇಲೆ ತಡೆಯಲಾರದೆ, ಈಗಲಾದರೂ ಎತ್ತಿ ಕೂರಿಸಲೇ ಮೇಡಂ ಎಂದು ಕೇಳಿದ. ಅವಳು ನಾಲಿಗೆಯನ್ನು ಹಲ್ಲಿಗೆ ತಾಗಿಸಿ ನೋಡಿದಳು. ಇತ್ತು.

“ಇರಿ,” ಎಂದಳು ನೆಲದಿಂದಲೇ, “ಇನ್ನೂ ಒಂದಿದೆ.”